ಅಮ್ಮನ ಸರದಿ

ನಮ್ಮ ಅಮ್ಮ ವರ್ಷದಲ್ಲಿ ನಾಲ್ಕು ತಿಂಗಳು ಅಣ್ಣನಲ್ಲಿ, ನಾಲ್ಕು ತಿಂಗಳು ನನ್ನಲ್ಲಿ, ಉಳಿದ ನಾಲ್ಕು ತಿಂಗಳು ತಮ್ಮನಲ್ಲಿ ಇರುತ್ತಾಳೆ. ಮನೆ ಪಾಲಾದ ದಿನ ಪಾತ್ರೆ ಪಡಗಗಳ ಹಂಚಿಕೆಯೊಡನೆ ಈ ಏರ್ಪಾಡೂ ಆಯಿತು. ಜಗಳವಿಲ್ಲದೆ ಮುಗಿಯಿತೆಂದು ನೆಂಟರೆಲ್ಲ ಮೆಚ್ಚಿದರು. ಅಮ್ಮನನ್ನು ಯಾರಾದರೂ ಒಂದು ಮಾತು ಕೇಳಿದೆವೋ ಇಲ್ಲವೋ, ನನಗೆ ನೆನಪಿಲ್ಲ.

ಹೋದ ತಿಂಗಳು ಅವಳು ತಮ್ಮನ ಮನೆಗೆ ಹೊರಡುವ ಹಿಂದಿನ ರಾತ್ರಿ ನಾನು ಓರ್ಕಾ ತಿಮಿಂಗಿಲಗಳ ವಿಷಯ ಓದುತ್ತ ಕುಳಿತಿದ್ದೆ. ಹೆಸರು ತಿಮಿಂಗಿಲವಾದರೂ ಕುಲದಿಂದ ಇವು ಡಾಲ್ಫಿನ್‌ಗಳು. 1970ರ ದಶಕದಲ್ಲಿ ಮೈಕೆಲ್ ಬಿಗ್ ಎಂಬ ವಿಜ್ಞಾನಿಯೂ ಅವರ ಸಂಗಡಿಗರೂ ಕೆನಡಾದ ಪಶ್ಚಿಮ ಕರಾವಳಿಯಲ್ಲಿ ಇವುಗಳ ಬೆನ್ನುರೆಕ್ಕೆಯ ಕಚ್ಚುಗಳನ್ನೂ ಅದರ ಹಿಂದಿನ ಬೂದು ಮಚ್ಚೆಯನ್ನೂ ಛಾಯಾಚಿತ್ರಗಳಲ್ಲಿ ಗುರುತಿಸಿ, ಒಂದೊಂದನ್ನೂ ಪ್ರತ್ಯೇಕವಾಗಿ ಬಲ್ಲವರಾದರು. ವರ್ಷಗಳು ಕಳೆದಂತೆ ಒಂದು ವಂಶವೃಕ್ಷವೇ ಸಿದ್ಧವಾಯಿತು. ಅದರ ಬುಡದಲ್ಲಿ ನಿಂತವಳು ತಾಯಿ.

ಸಾಮನ್ ಮೀನನ್ನು ನಂಬಿ ಬಾಳುವ ಅಲ್ಲಿನ ಈ ಬಳಗಗಳಲ್ಲಿ ಮಗಳೂ ತೌರು ಬಿಡುವುದಿಲ್ಲ, ಮಗನೂ ಬೇರೆ ಹೋಗುವುದಿಲ್ಲ. ಗಂಡು ಹೆಚ್ಚಾಗಿ ಬೇರೆ ಬಳಗದ ಹೆಣ್ಣನ್ನು ಕೂಡುತ್ತದೆ. ಕೂಡಿ, ಮತ್ತೆ ತಾಯಿಯ ಮಗ್ಗುಲಿಗೆ ಹಿಂದಿರುಗುತ್ತದೆ. ಪ್ರತಿಯೊಂದು ಬಳಗಕ್ಕೂ ತನ್ನದೇ ಕೂಗಿನ ಧಾಟಿಯುಂಟು. ಹೆಣ್ಣಿಗೆ ಸುಮಾರು 40ರಲ್ಲಿ ಹೆರಿಗೆ ನಿಂತರೂ, ಅನಂತರ ಹಲವು ದಶಕಗಳ ಬಾಳುವೆಯುಂಟು. ಆ ಮುದುಕಿ ಮೂಲೆ ಹಿಡಿಯುವುದಿಲ್ಲ. 2015ರಲ್ಲಿ ಪ್ರಕಟವಾದ ಅಧ್ಯಯನವೊಂದರಂತೆ, ಬಳಗದ ಮುಂದೆ ಈಜುವವಳು ಹೆಚ್ಚಾಗಿ ಅವಳೇ. ಅದರಲ್ಲಿಯೂ ಮೀನಿಗೆ ಬರ ಬಂದ ವರ್ಷಗಳಲ್ಲಿ. ಸಿಕ್ಕಿದ ಮೀನನ್ನು ಹರಿದು, ತನಗಿಂತ ದೊಡ್ಡವನಾಗಿ ಬೆಳೆದ ಮಗನಿಗೂ ಪಾಲು ಕೊಡುತ್ತಾಳೆ.

ಈ ಸಾಲಿಗೆ ಬಂದಾಗ ನನಗೆ ನಗೆ ಬಂದಿತು. ನನಗೀಗ 54 ವರ್ಷ. ಆ ರಾತ್ರಿಯೂ ಅಮ್ಮ ತನ್ನ ತಟ್ಟೆಯ ಹಪ್ಪಳವನ್ನು ಮುರಿದು ಅರ್ಧ ನನಗೆ ಹಾಕಿದ್ದಳು.

ಮುಂದಿನ ಸಾಲು ನಗುವಂಥದಾಗಿರಲಿಲ್ಲ. 2012ರಲ್ಲಿ ಕಂಡುಕೊಂಡಂತೆ, 30 ದಾಟಿದ ಗಂಡಿಗೆ ತಾಯಿ ಸತ್ತ ಮರುವರ್ಷದೊಳಗೆ ಸಾವಿನ ಅಪಾಯ ಸುಮಾರು 14 ಪಟ್ಟು ಏರುತ್ತದೆ. ಆ ವಯಸ್ಸಿನ ಹೆಣ್ಣುಮಕ್ಕಳಿಗೆ ಮೂರು ಪಟ್ಟೂ ಇಲ್ಲ.

ಎದ್ದು ಹೋಗಿ ನೋಡಿದೆ. ಅಮ್ಮ ಟ್ರಂಕಿನ ಮುಂದೆ ಕುಳಿತು ಸೀರೆ ಮಡಿಸುತ್ತಿದ್ದಳು. ಓದಿದ್ದನ್ನೆಲ್ಲ ಹೇಳಿದೆ, ಆ ಹದಿನಾಲ್ಕು ಪಟ್ಟಿನ ಮಾತೊಂದನ್ನು ಬಿಟ್ಟು. ಅವಳು ಮಡಿಕೆಯ ಮೇಲೆ ಕೈಯಾಡಿಸುತ್ತ ಕೇಳಿಕೊಂಡಳು.

"ಆ ಮುದುಕಿಗೆ ಎಷ್ಟು ಜನ ಗಂಡುಮಕ್ಕಳೋ?"

"ಕೆಲವಕ್ಕೆ ಇಬ್ಬರು, ಕೆಲವಕ್ಕೆ ಮೂವರು ಇರಬಹುದಮ್ಮ."

"ಎಲ್ಲಾರೂ ಒಟ್ಟಿಗೇ ಇರ್ತಾರಾ?"

"ಹೌದು."

ಅವಳು ಏನೂ ಹೇಳಲಿಲ್ಲ. ಸೀರೆಯನ್ನು ಟ್ರಂಕಿನಲ್ಲಿಟ್ಟು, "ನಾಳೆ ಬಸ್ಸು ಎಷ್ಟು ಹೊತ್ತಿಗೆ?" ಎಂದಳು.