ನಿಧಾನ ನಡೆಯುವವನೇ ಮುಂದೆ

ಕರ್ನಾಟಕದ ಅತಿ ಎತ್ತರದ ಶಿಖರ ಮುಳ್ಳಯ್ಯನಗಿರಿ, ಎತ್ತರ 1,930 ಮೀಟರ್. ಹೈಸ್ಕೂಲಿನಲ್ಲಿ ನಾವೆಲ್ಲ ಇದನ್ನು ಬಾಯಿಪಾಠ ಮಾಡಿದವರೇ. ಕಳೆದ ಡಿಸೆಂಬರಿನ ಒಂದು ಶನಿವಾರ ನಮ್ಮ ವಿಜ್ಞಾನ ವಿಭಾಗದ 30 ಮಂದಿ, ಇಬ್ಬರು ಉಪನ್ಯಾಸಕರೊಂದಿಗೆ, ಅದನ್ನು ಹತ್ತಿ ಬಂದೆವು.

ಸುಬಹಿ ನಮಾಝ್ ಮುಗಿಸಿ ಹೊರಟ ಬಸ್ಸು ಚಾರ್ಮಾಡಿ ಘಾಟಿ ಹತ್ತಿತು. ಕೊಟ್ಟಿಗೆಹಾರದಲ್ಲಿ ಬಿಸಿ ನೀರುದೋಸೆ ತಿಂದು, ಮೂಡಿಗೆರೆ, ಚಿಕ್ಕಮಗಳೂರು ದಾಟಿ ಸರ್ಪದಾರಿಯ ಬುಡದಲ್ಲಿ ಇಳಿದೆವು. ಹೆಸರಿನಂತೆಯೇ ಹಾವಿನ ಹಾಗೆ ತಿರುಗುತ್ತಾ ಏರುವ ಕಾಲುದಾರಿ ಅದು.

ನನ್ನ ಜೊತೆಗಿದ್ದ ಗೆಳೆಯನಿಗೆ ಹಿಂದಿನ ವರ್ಷ ಬೈಕಿನಿಂದ ಬಿದ್ದು ಎಡಗಾಲು ಮುರಿದಿತ್ತು. ಈಗ ಧಾರಾಳ ನಡೆಯಬಹುದೆಂದು ಡಾಕ್ಟರು ಹೇಳಿದ್ದರೂ ಅವನ ಉಮ್ಮನಿಗೆ ಸಮಾಧಾನವಿರಲಿಲ್ಲ. ಹಿಂದಿನ ರಾತ್ರಿ ನನಗೆ ಫೋನ್ ಮಾಡಿ, "ಮೋನೇ, ಅವನನ್ನು ಒಬ್ಬನೇ ಬಿಡಬೇಡ" ಎಂದಿದ್ದರು. ಹಾಗಾಗಿ ನಾವಿಬ್ಬರೂ ಸಾಲಿನ ಕೊನೆಯಲ್ಲಿದ್ದೆವು.

ಅರ್ಧ ದಾರಿಯ ಮೇಲೆ ಹುಲ್ಲು ಮುಗಿದು ಸಡಿಲ ಕಲ್ಲುಗಳ ಏರು ಬಂತು. ಒಂದು ಹೆಜ್ಜೆ ಮೇಲೆ ಇಟ್ಟರೆ ಅರ್ಧ ಹೆಜ್ಜೆ ಕೆಳಗೆ ಜಾರುತ್ತಿತ್ತು. ಫಿಸಿಕ್ಸ್ ಸರ್ ಎಲ್ಲರನ್ನೂ ನಿಲ್ಲಿಸಿ, "ಆಂಗಲ್ ಆಫ್ ರಿಪೋಸ್ ನೆನಪಿದೆಯಾ?" ಎಂದು ಕೇಳಿದರು. ಬಿಸಿಲು ಮಳೆಗೆ ಬಂಡೆ ಒಡೆದು ಬಿದ್ದ ಚೂರುಗಳು, ಘರ್ಷಣೆ ಹಿಡಿದಿಡಬಲ್ಲಷ್ಟು ಇಳಿಜಾರಿನಲ್ಲಿ ಮಾತ್ರ ನಿಲ್ಲುತ್ತವೆ. ಸಾಮಾನ್ಯವಾಗಿ ಅದು 30ರಿಂದ 40 ಡಿಗ್ರಿ. ಅದರ ಮೇಲೆ ನಮ್ಮ ಕಾಲಿನ ಭಾರ ಬಿದ್ದರೆ ಸಮತೋಲ ತಪ್ಪುತ್ತದೆ. "ಒಬ್ಬರ ನೇರ ಕೆಳಗೆ ಇನ್ನೊಬ್ಬರು ನಡೆಯಬೇಡಿ. ಕಲ್ಲು ಜಾರಿದರೆ ಕೂಗಿ" ಎಂದರು.

ಹತ್ತು ನಿಮಿಷವೂ ಆಗಿರಲಿಲ್ಲ, ಮೇಲಿನಿಂದ "ಕಲ್ಲು!" ಎಂಬ ಕೂಗು ಕೇಳಿತು. ತೆಂಗಿನಕಾಯಿಯಷ್ಟು ದೊಡ್ಡ ಕಲ್ಲೊಂದು ಪುಟಿಯುತ್ತಾ ಬಂತು. ನಾನು ಬದಿಗೆ ಹಾರಿದೆ. ಗೆಳೆಯನಿಗೆ ಹಾರಲಾಗಲಿಲ್ಲ, ಏರಿಗೆ ಒರಗಿ ತಲೆ ತಗ್ಗಿಸಿದ. ಕಲ್ಲು ಅವನ ಭುಜದಿಂದ ಒಂದು ಗೇಣು ದೂರದಲ್ಲಿ ಹಾದುಹೋಯಿತು. ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. ನನಗೆ ಅವನ ಉಮ್ಮನ ಮುಖವೇ ಕಣ್ಣಮುಂದೆ ಬಂತು.

"ನಾನಿಲ್ಲೇ ಕೂರುತ್ತೇನೆ ಸರ್, ನೀವೆಲ್ಲ ಹೋಗಿಬನ್ನಿ" ಎಂದ ಅವನು. ಸರ್ ಅವನ ಕಾಲು ನೋಡಿದರು, ನೋವಿದೆಯಾ ಎಂದು ಕೇಳಿದರು. ನೋವಿರಲಿಲ್ಲ, ತನ್ನಿಂದ ಎಲ್ಲರಿಗೂ ತಡವಾಗುತ್ತದೆ ಎಂಬ ಸಂಕೋಚವಿತ್ತು. ಆಗ ಸರ್ ಸಾಲನ್ನೇ ಬದಲಿಸಿದರು. ಗೆಳೆಯ ಎಲ್ಲರಿಗಿಂತ ಮುಂದೆ, ಅವನ ಪಕ್ಕದಲ್ಲಿ ನಾನು, ಎಲ್ಲರಿಗಿಂತ ವೇಗವಾಗಿ ಹತ್ತುತ್ತಿದ್ದ ಹುಡುಗರು ಕೊನೆಗೆ. ಅವನ ಮೇಲೆ ಕಲ್ಲು ಬೀಳಿಸಲು ಈಗ ಮೇಲೆ ಯಾರೂ ಇರಲಿಲ್ಲ. ಅವನೋ, ಪ್ರತಿ ಕಲ್ಲನ್ನೂ ಒತ್ತಿ ನೋಡಿಯೇ ಕಾಲಿಡುವವನು. ಅವನು ಕಾಲಿಟ್ಟಲ್ಲೇ ಉಳಿದವರೂ ಕಾಲಿಟ್ಟರು. ಮೊದಲು ಗೊಣಗುತ್ತಿದ್ದವರೂ ಸುಮ್ಮನಾದರು. ಆಮೇಲೆ ಒಂದು ಕಲ್ಲೂ ಉರುಳಲಿಲ್ಲ.

ಅಂದುಕೊಂಡಿದ್ದಕ್ಕಿಂತ ಮುಕ್ಕಾಲು ಗಂಟೆ ತಡವಾಗಿ, 30 ಮಂದಿಯೂ ಒಟ್ಟಿಗೆ ತುದಿ ತಲುಪಿದೆವು. ಟೋಪಿ ಹಾರಿಸುವಂಥ ಗಾಳಿ, ಸುತ್ತ ಬಾಬಾಬುಡನ್ ಗಿರಿಸಾಲು. ಗೆಳೆಯ ಅಲ್ಲಿಂದಲೇ ಮನೆಗೆ ಫೋನ್ ಮಾಡಿ, "ಉಮ್ಮಾ, ನಾನೇ ಫಸ್ಟ್" ಎಂದ. ಇಳಿಯುವಾಗ ಕೆಳಗಿದ್ದವರಿಗೇ ಅಪಾಯ ಹೆಚ್ಚೆಂದು ಸರ್ ನಮ್ಮನ್ನು ಮೆಟ್ಟಿಲಿನ ದಾರಿಯಲ್ಲಿ ಕರೆತಂದರು.

ಮುಂದಿನ ವರ್ಷ ಹೋಗುವ ತಮ್ಮಂದಿರಿಗೆ ನನ್ನದೊಂದು ಮಾತು: ಗಟ್ಟಿ ಹಿಡಿತದ ಶೂ, ತಲಾ ಎರಡು ಲೀಟರ್ ನೀರು ಒಯ್ಯಿರಿ. ಹೊರಡುವ ಮುಂಚೆ ನಿಮ್ಮಲ್ಲಿ ನಿಧಾನ ನಡೆಯುವವರು ಯಾರೆಂದು ಕೇಳಿ, ಅವರನ್ನು ಮುಂದೆ ಬಿಡಿ.