ಗೋಡೆ ಕಡೆಯ ಸೀಟು

ಕನಕಪುರದಿಂದ ಬೆಂಗಳೂರಿಗೆ ಹೊರಟ ಬಸ್ಸಿನಲ್ಲಿ ನಾನು ಕಿಟಕಿ ಸೀಟಿಗೆ ಹೊಡೆದಾಡುವುದು ಗಾಳಿಗಲ್ಲ, ಗೋಡೆಗೆ. ಹಾರೋಹಳ್ಳಿ, ಕಗ್ಗಲೀಪುರ, ತಲಘಟ್ಟಪುರ ಅಂತ ದಾರಿಯುದ್ದಕ್ಕೂ ಪುಕ್ಕಟೆ ಸಾಹಿತ್ಯ. ಸಿಮೆಂಟು, ಬೀಡಿ, ಬನಿಯನ್ನು, ಮೂಲವ್ಯಾಧಿಗೆ ಮದ್ದು, ಪಕ್ಷದ ಗುರುತು. ನಡುವೆ ‘ಭಿತ್ತಿಪತ್ರ ಅಂಟಿಸಬಾರದು’ ಎಂಬ ಎಚ್ಚರಿಕೆ, ಅದರ ಹೊಟ್ಟೆಯ ಮೇಲೇ ಅಂಟಿಸಿದ ಕುರುಕ್ಷೇತ್ರ ನಾಟಕದ ಭಿತ್ತಿಪತ್ರ. ದುರ್ಯೋಧನನ ಪಾತ್ರಧಾರಿಯ ಮೀಸೆ ಮಾತ್ರ ಯಾರೋ ಪೆನ್ನಿನಲ್ಲಿ ಇನ್ನಷ್ಟು ತಿದ್ದಿರುತ್ತಾರೆ.

ಗೋಡೆಗೆ ಬಣ್ಣ ಬಳಿಯುವುದು ನಮ್ಮವರಿಗೆ ಪಟ್ಟಣ ಕಲಿಸಿದ ವಿದ್ಯೆಯೇನಲ್ಲ. ಗುಡಿಯ ಗೋಡೆಗೆ ಸುಣ್ಣ, ಕೆಮ್ಮಣ್ಣಿನ ಪಟ್ಟೆ ಎಂದಿನಿಂದಲೂ ಇವೆ. ಆಮೇಲೆ ಸರ್ಕಾರ ಬಂದು ಊರೂರಲ್ಲೂ ಕುಟುಂಬ ಯೋಜನೆಯ ಕೆಂಪು ತ್ರಿಕೋನ ಬರೆಸಿತು. ಗೋಡೆಯಾಚೆ ಅದೇ ಮನೆಯ ಆರು ಮಕ್ಕಳು ಗೋಲಿ ಆಡುತ್ತಿದ್ದುದು ಬೇರೆ ವಿಷಯ.

ಬನಶಂಕರಿ ದಾಟಿದ ಮೇಲೆ ಗೋಡೆಗಳ ಜಾತಿಯೇ ಬದಲು. 2009ರ ಸುಮಾರಿಗೆ ಬೆಂಗಳೂರಿನ ಪಾಲಿಕೆಗೆ ಗೋಡೆ ಚೆಂದ ಮಾಡುವ ಹುರುಪು ಬಂತು. ಕುಂಚ ಹಿಡಿಯಲು ಕರೆದದ್ದು ಸಿನಿಮಾ ಬ್ಯಾನರ್ ಬರೆಯುತ್ತಿದ್ದವರನ್ನು. ಫ್ಲೆಕ್ಸ್ ಬಂದು ಅವರ ಅನ್ನ ಕಿತ್ತುಕೊಂಡಿತ್ತಲ್ಲ, ಆ ಹೊತ್ತಿಗೆ ಇದೊಂದು ಆಸರೆಯಾಯಿತು. ಜೋಗ, ಹಂಪಿಯ ಕಲ್ಲಿನ ರಥ, ಮೈಸೂರು ಅರಮನೆ, ಯಕ್ಷಗಾನ, ಹುಲಿ, ಆನೆ ಎಲ್ಲವೂ ಸಿಗ್ನಲ್ಲಿನಲ್ಲಿ ನಿಂತವರ ಮುಂದೆ ಸಾಲುಗಟ್ಟಿದವು.

ಈ ಬ್ಯಾನರ್ ಕಲಾವಿದರ ಕೆಲಸ ಹತ್ತಿರ ನಿಂತು ನೋಡಬೇಕು. ಅಂಗೈಯಗಲದ ಫೋಟೋದ ಮೇಲೆ ಪೆನ್ಸಿಲ್ಲಿನಲ್ಲಿ ಚೌಕ ಎಳೆಯುತ್ತಾರೆ. ಸುಣ್ಣದ ಪುಡಿ ಹಚ್ಚಿದ ದಾರವನ್ನು ಗೋಡೆಗೆ ಬಿಗಿಹಿಡಿದು ಚಟ್ ಅನ್ನಿಸಿದರೆ ಅಲ್ಲೂ ಅಷ್ಟೇ ಚೌಕಗಳು, ಆದರೆ ಮೊಳದುದ್ದದವು. ಇಲ್ಲಿಯ ಚೌಕದಲ್ಲಿ ಕಣ್ಣಿದ್ದರೆ ಅಲ್ಲಿಯ ಚೌಕಕ್ಕೆ ಕಣ್ಣು. ಏಣಿಯ ಮೇಲಿರುವವನಿಗೆ ತಾನು ಬರೆಯುತ್ತಿರುವುದು ಮೂಗೋ ಬಂಡೆಯೋ ಕಾಣುವುದಿಲ್ಲ, ರಸ್ತೆಯಾಚೆ ನಿಂತವನಿಗೆ ಪೂರ್ತಿ ಮುಖ ಕಾಣುತ್ತದೆ. ಮುಗಿದ ಮೇಲೆ ಬಲಗಡೆ ಕೆಳಮೂಲೆಯಲ್ಲಿ ಒಂದು ಹೆಸರು, ಪಕ್ಕದಲ್ಲಿ ‘ಆರ್ಟ್ಸ್’, ಅದರಡಿ ಫೋನ್ ನಂಬರು. ಲಿಯೊನಾರ್ಡೊ ಕೂಡ ಮೋನಾಲಿಸಾದ ಮೇಲೆ ಹೆಸರು ಹಾಕಲಿಲ್ಲ, ಫೋನ್ ನಂಬರಿನ ಮಾತು ಹಾಗಿರಲಿ!

ಆ ಕೈಗಳ ಬಗ್ಗೆ ನನಗೆ ಎಷ್ಟು ಗೌರವವಿದ್ದರೂ, ಆ ಚಿತ್ರಗಳ ಬಗ್ಗೆ ಒಂದು ತಕರಾರಿದೆ. ಅವಕ್ಕೂ ಅವು ಇರುವ ಬೀದಿಗೂ ಸಂಬಂಧವೇ ಇಲ್ಲ. ಜೋಗದ ಬುಡದಲ್ಲಿ ಕಸದ ರಾಶಿ, ನಾಲ್ಕೂ ಧಾರೆಗಳ ಮುಂದೆ ಸಾಲಾಗಿ ಬೆನ್ನು ತಿರುಗಿಸಿ ನಿಂತ ಗಂಡಸರು. ನೀರಿಗೆ ನೀರು ಅಂದುಕೊಂಡರೋ ಏನೋ.

ಬೀದಿಯ ಜೊತೆ ನೇರವಾಗಿ ಜಗಳಕ್ಕಿಳಿದವರು ಬಾದಲ್ ನಂಜುಂಡಸ್ವಾಮಿ. ಮೈಸೂರಿನ ಕಾವಾ ಕಲಾ ಕಾಲೇಜಿನಲ್ಲಿ ಚಿತ್ರಕಲೆ ಕಲಿತವರು. 2015ರಲ್ಲಿ ಬೆಂಗಳೂರಿನ ಸುಲ್ತಾನ್‌ಪಾಳ್ಯದ ರಸ್ತೆಗುಂಡಿಯಲ್ಲಿ ನೀರು ನಿಂತಿತ್ತು. ಅದರೊಳಗೆ ಫೈಬರಿನ ಮೊಸಳೆಯೊಂದನ್ನು ತಂದು ಬಿಟ್ಟರು. ಜನ ಮುತ್ತಿದರು, ಪತ್ರಿಕೆಗಳು ಬಂದವು, ಕೊನೆಗೆ ಪಾಲಿಕೆಯೂ ಬಂದು ಗುಂಡಿ ಮುಚ್ಚಿತು. 2019ರಲ್ಲಿ ಚಂದ್ರಯಾನ-2ರ ಗದ್ದಲದ ನಡುವೆ ಹೇರೋಹಳ್ಳಿ ಕಡೆಯ ರಸ್ತೆಯಲ್ಲಿ ಗಗನಯಾತ್ರಿಯ ವೇಷ ಹಾಕಿಸಿ ನಟರೊಬ್ಬರನ್ನು ನಡೆಸಿದರು. ತೇಲುತ್ತ ಹೆಜ್ಜೆ ಇಡುವ ಆ ಮನುಷ್ಯ ಚಂದ್ರನ ಮೇಲೇ ಇದ್ದಾನೆ ಅಂದುಕೊಳ್ಳುವಷ್ಟರಲ್ಲಿ ಪಕ್ಕದಲ್ಲಿ ಆಟೋ ಹಾದುಹೋಗುತ್ತದೆ. ಆ ರಸ್ತೆಗೂ ರಿಪೇರಿ ಭಾಗ್ಯ ಬಂತು. ಅರ್ಜಿ ಕೊಟ್ಟು ಕೊಟ್ಟು ಸವೆದವರಿಗೆ ಇದರ ಬೆಲೆ ಗೊತ್ತು.

ಅರವಾನಿ ಆರ್ಟ್ ಪ್ರಾಜೆಕ್ಟಿನದು ಇನ್ನೊಂದು ದಾರಿ. ಪೂರ್ಣಿಮಾ ಸುಕುಮಾರ್ 2016ರಲ್ಲಿ ಬೆಂಗಳೂರಿನಲ್ಲಿ ಶುರುಮಾಡಿದ ಈ ಬಳಗದಲ್ಲಿ ಕುಂಚ ಹಿಡಿಯುವವರು ಲಿಂಗತ್ವ ಅಲ್ಪಸಂಖ್ಯಾತ ಮಹಿಳೆಯರು. ಅದೇ ಸಿಗ್ನಲ್ಲಿನಲ್ಲಿ ಯಾರನ್ನು ಕಂಡರೆ ಕಾರಿನ ಗಾಜು ಏರುತ್ತಿತ್ತೋ ಅವರು ಏಣಿ ಹತ್ತಿ ನಿಂತರೆ ಜನ ಗಾಜು ಇಳಿಸಿ ನೋಡುತ್ತಾರೆ. ನಗರದ ಗೋಡೆಗೆ ಇದಕ್ಕಿಂತ ದೊಡ್ಡ ಉಪಯೋಗ ನನಗಂತೂ ಹೊಳೆಯುತ್ತಿಲ್ಲ.

ಗೋಡೆ ಕೆಡಿಸುವವರಿಗೆಂದೇ ಕರ್ನಾಟಕದಲ್ಲಿ 1981ರ ಕಾನೂನಿದೆ. ಯಾವುದು ಚೆಂದ, ಯಾವುದು ಅಂದಗೇಡು ಎನ್ನುವುದು ಮಾತ್ರ ಆಗಾಗ ಸುಣ್ಣದ ಬಕೆಟ್ಟು ಹಿಡಿದವನ ಮರ್ಜಿ. ಶ್ರೀರಂಗಪಟ್ಟಣದ ದರಿಯಾ ದೌಲತ್ತಿನಲ್ಲಿ ಟಿಪ್ಪು ಬರೆಸಿದ ಪೊಳ್ಳಿಲೂರು ಕದನದ ಚಿತ್ರಗಳನ್ನೂ ಈ ಬಕೆಟ್ಟು ಬಿಡಲಿಲ್ಲವಂತೆ. ಮತ್ತೆ ಬರೆಸಿದ್ದರಿಂದ ಸೋತು ಪಲ್ಲಕ್ಕಿಯಲ್ಲಿ ಕುಳಿತು ಬೆರಳು ಕಚ್ಚುವ ಬ್ರಿಟಿಷ್ ಕರ್ನಲ್ ಬೇಲಿ ನಮಗೆ ಉಳಿದಿದ್ದಾನೆ.

ಕನಕಪುರ ರಸ್ತೆಯಲ್ಲಿ ಈಗ ಬಡಾವಣೆಗಳು ಬೆಳೆದಂತೆ ಉದ್ದುದ್ದ ಕಾಂಪೌಂಡುಗಳೂ ಬೆಳೆಯುತ್ತಿವೆ, ಎಲ್ಲಕ್ಕೂ ಅದೇ ಬೂದು ಬಣ್ಣ. ನಿಮ್ಮದೂ ಒಂದಿದ್ದರೆ, ದಯವಿಟ್ಟು ಯಾವುದಾದರೂ ಹಳೇ ಗೋಡೆಯ ಕೆಳಮೂಲೆಯಲ್ಲಿರುವ ನಂಬರಿಗೆ ಒಂದು ಫೋನ್ ಮಾಡಿ. ರೇಷ್ಮೆಗೂಡು ಹೊತ್ತು ಹೊರಟ ಹೆಂಗಸನ್ನೋ, ಬತ್ತಿದ ಅರ್ಕಾವತಿಯನ್ನೋ, ನಿಮ್ಮ ಬೀದಿಯ ಗುಂಡಿಯನ್ನೋ ಬರೆಯಲು ಹೇಳಿ. ಜೋಗ ಮಾತ್ರ ಬೇಡ, ಅದು ಈಗಾಗಲೇ ಬೇಕಾದಷ್ಟು ಆಗಿದೆ.