ಬಿಸಿಯಾಗದ ಕಾಫಿಯಂತ್ರವೂ ಮಾರುವವನ ಹೊಣೆಯೂ

ಮನೆಬಳಕೆಯ ವಸ್ತುವೊಂದು ಕೆಟ್ಟಾಗ ಅದನ್ನು ಎಸೆದು ಹೊಸದನ್ನು ತರುವವರು ಕೆಲವರು. ಹೇಗಾದರೂ ಸರಿ, ನಡೆದರೆ ಸಾಕು ಎನ್ನುವವರು ಹಲವರು. ಕೆಟ್ಟದ್ದು ಏಕೆಂದು ವಿಚಾರಿಸಿ, ಆ ಕಾರಣವನ್ನು ನಿವಾರಿಸಿ ಬಳಸುವವರು ವಿರಳ. ಮೇಲ್ನೋಟಕ್ಕೆ ಇದು ಕೇವಲ ಮಿತವ್ಯಯದ ವಿಷಯವೆಂದು ತೋರುತ್ತದೆ. ಆದರೆ ಆ ವಸ್ತು ನಮ್ಮ ಕೈಯಿಂದ ಇನ್ನೊಬ್ಬರ ಕೈಗೆ ಹೋಗುವುದಿದ್ದರೆ ಅದು ನೀತಿಯ ವಿಷಯವೂ ಆಗುತ್ತದೆ. ಒಂದು ಎಸ್‌ಪ್ರೆಸೊ ಕಾಫಿಯಂತ್ರದ ಪ್ರಸಂಗವನ್ನು ವಾಚಕರ ಮುಂದಿಡುವ ಉದ್ದೇಶ ಇಷ್ಟೇ.

ನಮ್ಮ ಫಿಲ್ಟರಿನಲ್ಲಿ ಬಿಸಿನೀರು ತನ್ನ ಭಾರದಿಂದಲೇ ನಿಧಾನವಾಗಿ ಇಳಿದು ಡಿಕಾಕ್ಷನ್ ಆಗುತ್ತದೆ. ಎಸ್‌ಪ್ರೆಸೊ ಪದ್ಧತಿ ಇದಕ್ಕಿಂತ ಭಿನ್ನವಾದುದು. ಇಟಲಿಯ ಲುಯಿಜಿ ಬೆಜ್ಜೆರಾ 1901ರಲ್ಲಿ ಆವಿಯ ಒತ್ತಡದ ಯಂತ್ರಕ್ಕೆ ಪೇಟೆಂಟ್ ಕೋರಿದರು. ಮಿಲಾನಿನ ಅಕಿಲೆ ಗಾಜಿಯಾ 1938ರಲ್ಲಿ ಆವಿಯನ್ನು ಬಿಟ್ಟು ನೀರಿನ ಒತ್ತಡವನ್ನೇ ನೆಚ್ಚುವ ವಿಧಾನಕ್ಕೆ ಪೇಟೆಂಟ್ ಕೋರಿದರು. ಇಂದಿನ ಮನೆಯಂತ್ರಗಳಲ್ಲಿ ಆ ಒತ್ತಡವನ್ನು ಪುಟ್ಟ ಪಂಪು ಒದಗಿಸುತ್ತದೆ. ಸುಮಾರು 90ರಿಂದ 96 ಡಿಗ್ರಿ ಸೆಲ್ಸಿಯಸ್ ಕಾವಿನ ನೀರು, ಸುಮಾರು 9 ಬಾರ್ ಒತ್ತಡದಲ್ಲಿ, ಅರ್ಧ ನಿಮಿಷದೊಳಗೆ ಪುಡಿಯ ಸಾರವನ್ನು ಸೆಳೆಯಬೇಕು. ಕಾವಿಲ್ಲದಿದ್ದರೆ ಉಳಿದುದೆಲ್ಲವೂ ವ್ಯರ್ಥ.

ನನ್ನ ಮಗ ಪರಊರಿಗೆ ವರ್ಗವಾಗಿ ಹೋಗುವಾಗ ತನ್ನ ಯಂತ್ರವನ್ನು ನಮ್ಮ ಬೀದಿಯ ನಿವೃತ್ತ ಅಧ್ಯಾಪಕರೊಬ್ಬರಿಗೆ ಮಾರಲು ಒಪ್ಪಿ, ಆ ಕೆಲಸವನ್ನು ನನಗೆ ವಹಿಸಿದ್ದನು. ಒಪ್ಪಿಸಬೇಕಾದ ಎರಡು ದಿನ ಮೊದಲು ಮನೆಯವರು ಹಾಲು ನೊರೆಸಲೆಂದು ಆವಿಯ ಗುಂಡಿಯನ್ನು ಒತ್ತಿದರು. ಸ್ವಲ್ಪ ಹೊತ್ತು ಹೆಚ್ಚೇ ಆವಿ ಬಂದು, ಬಳಿಕ ಕಾವು ನಿಂತುಹೋಯಿತು. ದೀಪ ಉರಿಯುತ್ತಿತ್ತು, ಪಂಪು ನೀರನ್ನು ತಳ್ಳುತ್ತಿತ್ತು, ಬರುತ್ತಿದ್ದುದು ಮಾತ್ರ ತಣ್ಣೀರು.

ವಿದ್ಯುತ್ ಸಾಮಗ್ರಿಗಳ ವ್ಯಾಪಾರದಲ್ಲಿ ನಾಲ್ಕು ದಶಕ ಕಳೆದವನಿಗೆ ಇಷ್ಟರಿಂದಲೇ ಒಂದು ಸಂಗತಿ ಸ್ಪಷ್ಟವಾಗುತ್ತದೆ. ದೀಪವೂ ಪಂಪೂ ನಡೆಯುತ್ತಿದ್ದರೆ ಗೋಡೆಯ ಸಾಕೆಟ್ಟಿನಲ್ಲಾಗಲಿ ತಂತಿಯಲ್ಲಾಗಲಿ ದೋಷವಿಲ್ಲ. ದೋಷವಿರುವುದು ಕಾಯಿಸುವ ಮಾರ್ಗದಲ್ಲಿ. ಆ ಮಾರ್ಗದಲ್ಲಿ ಮುಖ್ಯವಾಗಿ ಮೂರು ಅಂಗಗಳಿವೆ. ಒಂದು, ಬಾಯ್ಲರನ್ನು ಕಾಯಿಸುವ ಎಲಿಮೆಂಟು. ಎರಡನೆಯದು, ಕಾವು ಮಿತಿ ಮುಟ್ಟಿದಾಗ ವಿದ್ಯುತ್ತನ್ನು ಕಡಿದು, ತಣಿದಾಗ ಮತ್ತೆ ಕೂಡಿಸುವ ಥರ್ಮೋಸ್ಟಾಟುಗಳು. ಕಾಫಿಗೆ ಒಂದು, ಆವಿಗೆ ಇನ್ನೊಂದು. ಮೂರನೆಯದು ಥರ್ಮಲ್ ಫ್ಯೂಸು. ಥರ್ಮೋಸ್ಟಾಟು ತನ್ನ ಕರ್ತವ್ಯವನ್ನು ಮಾಡದೆ ಕಾವು ಮಿತಿಮೀರಿದರೆ ಇದು ತಾನು ಕಡಿದುಕೊಂಡು ಮನೆಯನ್ನು ಕಾಯುತ್ತದೆ. ಒಮ್ಮೆ ಕಡಿದ ಮೇಲೆ ಮತ್ತೆ ಕೂಡುವುದಿಲ್ಲ.

ಪರಿಚಿತ ಮೆಕ್ಯಾನಿಕ್ ಒಬ್ಬನು ಬಂದನು. ಪ್ಲಗ್ಗನ್ನು ಕಿತ್ತು, ಬಾಯ್ಲರು ಪೂರ್ಣವಾಗಿ ತಣಿದ ಮೇಲೆ ಮುಚ್ಚಳ ತೆಗೆದು ಮಲ್ಟಿಮೀಟರಿನಿಂದ ಪರೀಕ್ಷಿಸಿದೆವು. ಎಲಿಮೆಂಟಿನ ಲೆಕ್ಕ ಸುಲಭ. ಯಂತ್ರದ ಮೇಲೆ 230 ವೋಲ್ಟ್, 1200 ವಾಟ್ ಎಂದಿತ್ತು. 230ರ ವರ್ಗವಾದ 52,900ನ್ನು 1200ರಿಂದ ಭಾಗಿಸಿದರೆ ಸುಮಾರು 44 ಓಮ್ ಬರಬೇಕು. ಮೀಟರು ಅಷ್ಟನ್ನೇ ತೋರಿಸಿತು. ಎಲಿಮೆಂಟಿಗೂ ಬಾಯ್ಲರಿನ ಲೋಹಕ್ಕೂ ಸಂಪರ್ಕ ಕಾಣಲಿಲ್ಲ. ಥರ್ಮೋಸ್ಟಾಟುಗಳೆರಡೂ ಶೂನ್ಯದ ಸಮೀಪ ತೋರಿಸಿದವು. ತಣ್ಣಗಿದ್ದಾಗ ಹಾಗೆಯೇ ಇರಬೇಕು. ಫ್ಯೂಸು ಮಾತ್ರ ಕಡಿದಿತ್ತು.

“ಇದೊಂದನ್ನು ತೆಗೆದು ಎರಡು ತಂತಿಗಳನ್ನು ನೇರ ಸೇರಿಸಿದರೆ ಐದು ನಿಮಿಷದ ಕೆಲಸ. ಕೊಳ್ಳುವವರಿಗೆ ತಿಳಿಯುವುದೂ ಇಲ್ಲ” ಎಂದನು ಮೆಕ್ಯಾನಿಕ್. ಅವನು ದುಷ್ಟನಲ್ಲ, ದಿನವೂ ಹೀಗೆ ಮಾಡಿಸಿಕೊಳ್ಳುವ ಗಿರಾಕಿಗಳನ್ನು ಕಂಡವನು. ಯಂತ್ರ ಬಿಸಿಯಾಗುತ್ತಿತ್ತು, ಹಣವೂ ಕೈಸೇರುತ್ತಿತ್ತು. ಆದರೆ ಆ ಅಧ್ಯಾಪಕರ ಅಡುಗೆಮನೆಯಲ್ಲಿ ಕಾವಲುಗಾರನಿಲ್ಲದ ಯಂತ್ರವೊಂದು ನಿಲ್ಲುತ್ತಿತ್ತು. ಅವರಿಗೆ ತಿಳಿಯುವುದಿಲ್ಲ ಎಂಬುದೇ ನಮ್ಮ ಹೊಣೆಯನ್ನು ಇಮ್ಮಡಿಗೊಳಿಸುವ ಮಾತು. ಉತ್ತಮವಾದುದನ್ನು ತೋರಿಸಿ ಕೀಳಾದುದನ್ನು ಕೊಡುವ ಪ್ರತಿರೂಪಕ ವ್ಯವಹಾರವನ್ನು ನಮ್ಮ ಹಿರಿಯರು ಅಚೌರ್ಯಾಣುವ್ರತದ ಅತಿಚಾರಗಳಲ್ಲಿ ಎಣಿಸಿರುವುದು ಕಲಬೆರಕೆಯ ತುಪ್ಪಕ್ಕೆ ಮಾತ್ರ ಸಲ್ಲುವುದಿಲ್ಲ.

ಹೊಸ ಫ್ಯೂಸು ಹಾಕಿದರೂ ಕೆಲಸ ಮುಗಿಯುವಂತಿರಲಿಲ್ಲ. ಫ್ಯೂಸು ಕಡಿದದ್ದು ಏಕೆ? ತಣ್ಣಗಿರುವಾಗ ಒಳ್ಳೆಯ ಥರ್ಮೋಸ್ಟಾಟೂ ಕೂಡಿರುತ್ತದೆ, ಸಂಪರ್ಕಬಿಂದು ಬೆಸೆದುಕೊಂಡು ಕೆಟ್ಟದ್ದೂ ಕೂಡಿರುತ್ತದೆ. ಮೀಟರಿಗೆ ಎರಡೂ ಒಂದೇ. ಭೇದ ತಿಳಿಯಬೇಕಾದರೆ ಕಾಯಿಸಿಯೇ ನೋಡಬೇಕು. ಇಸ್ತ್ರಿಪೆಟ್ಟಿಗೆಯನ್ನು ಹತ್ತಿಬಟ್ಟೆಯ ಕಾವಿಗೆ ತಂದು, ಪ್ಲಗ್ ಕಿತ್ತು, ತಳ ಮೇಲಾಗಿ ನಿಲ್ಲಿಸಿ, ಥರ್ಮೋಸ್ಟಾಟುಗಳ ಲೋಹದ ಮುಖವನ್ನು ಅದರ ಮೇಲಿಟ್ಟೆವು. ಕಾಫಿಯದು, 107 ಡಿಗ್ರಿಯದು, ಕ್ಷಣಕಾಲದಲ್ಲಿ ‘ಟಕ್’ ಎಂದು ಬಿಟ್ಟುಕೊಂಡಿತು. ಆವಿಯದು, 145 ಡಿಗ್ರಿಯದು, ಪೆಟ್ಟಿಗೆಯನ್ನು ಎರಡನೆಯ ಬಾರಿ ಕಾಯಿಸಿದರೂ ಬಿಡಲಿಲ್ಲ. ನಿಜವಾದ ದೋಷ ಅಲ್ಲಿತ್ತು. ಫ್ಯೂಸನ್ನು ಮಾತ್ರ ಬದಲಿಸಿದ್ದರೆ ಮುಂದಿನ ಬಾರಿ ಹಾಲು ನೊರೆಸುವಾಗ ಅದೂ ಕಡಿಯುತ್ತಿತ್ತು. ತಂತಿಯನ್ನು ನೇರ ಸೇರಿಸಿದ್ದರೆ ಕಡಿಯಲು ಏನೂ ಇರುತ್ತಿರಲಿಲ್ಲ.

ಬಿಡಿಭಾಗಗಳು ಬರಲು ಹತ್ತು ದಿನ ಹಿಡಿಯಿತು. ಫ್ಯೂಸಿನ ಮೈಮೇಲೆ ಮುದ್ರಿಸಿದ ಡಿಗ್ರಿಯೂ ಆಂಪಿಯರೂ ಹಳೆಯದರಂತೆಯೇ ಇರಬೇಕು. ಅದನ್ನು ಬೆಸುಗೆ ಹಾಕಬಾರದು. ಬೆಸುಗೆಯ ಕಾವಿಗೇ ಅದು ಕಡಿದೀತು, ಆದುದರಿಂದ ಒತ್ತುಕೊಂಡಿಯಿಂದ ಜೋಡಿಸಬೇಕು. ಥರ್ಮೋಸ್ಟಾಟಿನ ಕೆಳಗೆ ಉಷ್ಣವಾಹಕ ಲೇಪ ಹಚ್ಚಬೇಕು. ಮೊದಲು ಪಂಪು ನಡೆಸಿ, ನೀರು ಎಡೆಬಿಡದೆ ಬಂದು ಬಾಯ್ಲರು ತುಂಬಿದೆಯೆಂದು ಖಚಿತವಾದ ಮೇಲೆಯೇ ಕಾಯಿಸಬೇಕು.

ಅಧ್ಯಾಪಕರನ್ನು ಕರೆಸಿ, ಕೆಟ್ಟ ಭಾಗಗಳೆರಡನ್ನೂ ಮೇಜಿನ ಮೇಲಿಟ್ಟು ನಡೆದುದನ್ನೆಲ್ಲ ಹೇಳಿದೆನು. ಒಪ್ಪಂದದಿಂದ ಹಿಂದೆ ಸರಿಯಲು ಅವರು ಸ್ವತಂತ್ರರೆಂದೂ ತಿಳಿಸಿದೆನು. ಎರಡು ದಿನ ಯೋಚಿಸಿ, ಬೆಲೆಯಲ್ಲಿ ಐದರಲ್ಲೊಂದು ಪಾಲು ಕಡಿಮೆ ಕೇಳಿದರು; ಕೊಟ್ಟೆನು. ಮಗನಿಗೆ ಇದು ರುಚಿಸಲಿಲ್ಲ. ರಿಪೇರಿಯ ಖರ್ಚೂ ನಮ್ಮದು, ಬೆಲೆಯ ಇಳಿತವೂ ನಮ್ಮದೇ ಎಂಬ ಅವನ ಲೆಕ್ಕ ತಪ್ಪೇನಲ್ಲ. ನಷ್ಟ ಆದದ್ದು ನಿಜ. ಆದರೆ ಆ ಹಣ ಮೊದಲಿನಿಂದಲೂ ನಮ್ಮದಾಗಿರಲಿಲ್ಲ. ಅದು ಹೇಳದೆ ಉಳಿದ ದೋಷದ ಬೆಲೆಯಾಗಿತ್ತು.

ಹಳೆಯ ಗೀಸರು, ಇಸ್ತ್ರಿಪೆಟ್ಟಿಗೆ, ಅನ್ನದ ಕುಕ್ಕರುಗಳನ್ನು ನಾವು ಕೆಲಸದವರಿಗೆ, ಬಂಧುಗಳಿಗೆ, ಕೆಲವೊಮ್ಮೆ ಛತ್ರಗಳಿಗೂ ಕೊಡುತ್ತೇವೆ. ದಾನವಾಗಲಿ ಮಾರಾಟವಾಗಲಿ, ಕೊಡುವ ಮುನ್ನ ಅದರೊಳಗಿನ ಫ್ಯೂಸನ್ನು ಯಾರಾದರೂ ತಪ್ಪಿಸಿ ತಂತಿ ಸೇರಿಸಿದ್ದಾರೆಯೇ ಎಂದು ತಿಳಿದವರಿಂದ ನೋಡಿಸುವುದು ಒಳ್ಳೆಯದು. ಪಡೆಯುವವರು ಮುಚ್ಚಳ ತೆಗೆದು ನೋಡುವುದಿಲ್ಲ. ನಮ್ಮನ್ನು ನಂಬಿ ಪ್ಲಗ್ ಹಾಕುತ್ತಾರೆ.